‘250-100ಕ್ಕೆ ಹೊಂದುತ್ತದೆ’ ಎಂಬ ಮಾತು ನಂಬಿ ಹತ್ತು ಹೋಲ್ಡರ್ ಒಟ್ಟಿಗೆ ತರಿಸಬೇಡಿ

ಮನೆಯ ಲೇತಿಗೆ ಆನ್‌ಲೈನ್‌ನಲ್ಲಿ ಅಗ್ಗದ ಕ್ವಿಕ್-ಚೇಂಜ್ ಟೂಲ್ ಹೋಲ್ಡರ್ (ಕತ್ತರಿಸುವ ಟೂಲನ್ನು ಹಿಡಿದು, ಲೇತಿನ ಟೂಲ್ ಪೋಸ್ಟಿಗೆ ಬೇಗ ಹಾಕಿ ತೆಗೆಯುವ ಹಿಡಿಕೆ) ತರಿಸಬೇಕೆಂದಿದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿಬಿಡಿ.

ಇಂಥ ಒಂದು ಸೆಟ್ಟಿನ ಜಾಹೀರಾತಿನಲ್ಲಿ ಇದ್ದದ್ದು: ‘ಎಎಕ್ಸ್‌ಎ, 250-100 ಸರಣಿ, ವೆಡ್ಜ್ ಮತ್ತು ಪಿಸ್ಟನ್ ಎರಡಕ್ಕೂ ಹೊಂದುತ್ತದೆ, ಹತ್ತರ ಸೆಟ್’. ಎಎಕ್ಸ್‌ಎ, 250-100 ಎರಡೂ ಒಂದೇ ಸೈಜಿನ ಹೆಸರು; ವೆಡ್ಜ್, ಪಿಸ್ಟನ್ ಎಂದರೆ ಪೋಸ್ಟ್ ಹೋಲ್ಡರನ್ನು ಬಿಗಿ ಹಿಡಿಯುವ ಎರಡು ಬಗೆ. ಬಂದ ಹತ್ತರಲ್ಲಿ ವೆಡ್ಜ್ ಪೋಸ್ಟಿನ ಮೇಲೆ ಸರಿಯಾಗಿ ಕೂತದ್ದು ನಾಲ್ಕು. ಮೂರು ಪೋಸ್ಟಿಗೆ ಇಳಿಯಲೇ ಇಲ್ಲ. ಎರಡಕ್ಕೆ ಹ್ಯಾಂಡಲ್ ಕೊನೆತನಕ ತಿರುಗಿಸಿದರೂ ಬಿಗಿ ಬರಲಿಲ್ಲ. ಉಳಿದದ್ದು ಪಾರ್ಟಿಂಗ್ ಬ್ಲೇಡ್ (ರಾಡನ್ನು ತುಂಡು ಮಾಡುವ ಬ್ಲೇಡ್) ಹೋಲ್ಡರ್. ಅದು ಬಿಗಿಯೇನೋ ಆಯಿತು, ಆದರೆ 25 ಮಿ.ಮೀ. ಎಂ.ಎಸ್. (ಮೆದು ಉಕ್ಕಿನ) ರಾಡ್ ಕತ್ತರಿಸುವಾಗ ತುದಿ ಕೆಳಕ್ಕೆ ಜಗ್ಗಿ ಕಚ್ಚಿಕೊಂಡಿತು, ಬ್ಲೇಡ್ ಮುರಿಯಿತು. ಮಾರಿದವರದು ಒಂದೇ ಮಾತು: ನಿಮ್ಮ ಪೋಸ್ಟೇ ಸರಿಯಿಲ್ಲ. ವಾಪಸ್ ಕಳಿಸುವ ಖರ್ಚೂ ಕೊಂಡವರದೇ. ಹೋಲ್ಡರ್ ಎಂದರೆ ಕಬ್ಬಿಣದ ಗಟ್ಟಿ, ಪಾರ್ಸೆಲ್ ತೂಕಕ್ಕೆ ಸಾಗಣೆ ಬಾಡಿಗೆಯೇ ಮಾಲಿನ ಬೆಲೆಯ ಹತ್ತಿರ ಹೋಗುತ್ತದೆ.

250-100 ಎನ್ನುವುದು ರೆಡಿಮೇಡ್ ಅಂಗಿಯ ‘ಎಲ್’ ಸೈಜ್ ಇದ್ದ ಹಾಗೆ, ಗುಂಪಿನ ಹೆಸರು ಅಷ್ಟೇ. ಡವ್‌ಟೇಲ್ (ಹೋಲ್ಡರ್ ಪೋಸ್ಟಿಗೆ ಸಿಕ್ಕಿ ಕೂರುವ ಓರೆ ಅಂಚಿನ ತೋಡು) ಎಷ್ಟು ನಿಖರವಾಗಿರಬೇಕು ಎಂಬುದಕ್ಕೆ ಆ ಸಂಖ್ಯೆ ಯಾವ ಖಾತರಿಯನ್ನೂ ಕೊಡುವುದಿಲ್ಲ. ಸೆಟ್ ಎಂದು ಮಾರುವ ಹತ್ತೂ ಒಂದೇ ಕಾರ್ಖಾನೆಯಿಂದ ಬಂದಿರಬೇಕೆಂದೂ ಇಲ್ಲ.

ಸೈಜಿನ ವಿಷಯದಲ್ಲಿ ನಮ್ಮಲ್ಲಿ ಇನ್ನೊಂದು ಎಡವಟ್ಟಿದೆ. ಈ ಸರಣಿಗಳ ಪಟ್ಟಿ ಅಮೆರಿಕದ ರೂಢಿಯದು, ಅದರಲ್ಲಿ ಕೊಡುವುದು ಸ್ವಿಂಗ್, ಅಂದರೆ ಲೇತಿನಲ್ಲಿ ತಿರುಗಬಲ್ಲ ತುಂಡಿನ ಗರಿಷ್ಠ ವ್ಯಾಸ. ನಮ್ಮಲ್ಲಿ ಲೇತ್ ಮಾರುವವರು ಹೇಳುವುದು ಸೆಂಟರ್ ಹೈಟ್, ಅಂದರೆ ಅದರ ಅರ್ಧ. ಓಎಕ್ಸ್‌ಎ ಸುಮಾರು 8 ಇಂಚು ಸ್ವಿಂಗ್‌ವರೆಗೆ, ಎಎಕ್ಸ್‌ಎ 12ರವರೆಗೆ, ಬಿಎಕ್ಸ್‌ಎ 10ರಿಂದ 15. ಸೆಂಟರ್ ಹೈಟ್ 6 ಇಂಚು ಎಂದು ಕೊಂಡ ಲೇತಿಗೆ ಆ 6 ಹಿಡಿದು ಓಎಕ್ಸ್‌ಎ ತರಿಸಿದರೆ ಪುಟ್ಟದಾಗುತ್ತದೆ. ಅದರ ಸ್ವಿಂಗ್ 12. ಟಿ37 ಎಂದು ಮಾರುವ ಸೆಟ್‌ಗಳ ಹಾದಿಯೇ ಬೇರೆ. ಅದರ ಹೋಲ್ಡರ್ ಎಎಕ್ಸ್‌ಎ ಪೋಸ್ಟಿಗೆ ಬರುವುದಿಲ್ಲ, ಇದರದ್ದು ಅದಕ್ಕೆ ಹೋಗುವುದಿಲ್ಲ.

ಆದರೆ ಸ್ವಿಂಗ್ ಸರಿಹೊಂದಿದ ಮಾತ್ರಕ್ಕೆ ಟೂಲಿನ ತುದಿ ಸೆಂಟರಿಗೆ (ಜಾಬ್, ಅಂದರೆ ಕೆಲಸದ ತುಂಡು, ತಿರುಗುವ ಅಕ್ಷದ ಎತ್ತರಕ್ಕೆ) ಬರುತ್ತದೆ ಎನ್ನುವಂತಿಲ್ಲ. ಟೇಲ್ ಸ್ಟಾಕಿಗೆ ಸೆಂಟರ್ (ಮೊನೆಯ ಕಡ್ಡಿ) ಹಾಕಿ, ಕಾಂಪೌಂಡ್ ಸ್ಲೈಡಿನ (ಪೋಸ್ಟ್ ಕೂರುವ ಜಾರುಪೀಠದ) ಮೇಲ್ಮೈಯಿಂದ ಅದರ ಮೊನೆಯವರೆಗಿನ ಎತ್ತರ ಅಳೆಯಿರಿ. ಅದು 24 ಮಿ.ಮೀ. ಬಂತು ಎಂದುಕೊಳ್ಳಿ. ಹೋಲ್ಡರಿನಲ್ಲಿ ಟೂಲ್ ಕೂರುವ ತೋಡಿನ ಕೆಳಗಿನ ತಳ 13 ಮಿ.ಮೀ. ದಪ್ಪ ಇದ್ದರೆ, 12 ಮಿ.ಮೀ. ಟೂಲ್ ಹಾಕಿದಾಗ ತುದಿ 25ಕ್ಕೆ ಬರುತ್ತದೆ. ಹೋಲ್ಡರ್ ಪೂರ್ತಿ ಕೆಳಗೆ ಕೂತಿದ್ದರೂ 1 ಮಿ.ಮೀ. ಮೇಲೆ. ಎತ್ತರ ಹೊಂದಿಸುವ ನಟ್ ಮೇಲೆತ್ತಬಲ್ಲದು, ಕೆಳಗಿಳಿಸಲು ಜಾಗವೇ ಇರುವುದಿಲ್ಲ. ಅದೇ ಹೋಲ್ಡರಿಗೆ 10 ಮಿ.ಮೀ. ಟೂಲ್ ಹಾಕಿದರೆ 23, ನಟ್ ತಿರುಗಿಸಿ 1 ಮಿ.ಮೀ. ಎತ್ತಿದರೆ ಮುಗಿಯಿತು. ಈ ತಳದ ದಪ್ಪವನ್ನು ಜಾಹೀರಾತಿನಲ್ಲಿ ಕೊಟ್ಟಿರುವುದು ಅಪರೂಪ. ವರ್ನಿಯರ್ ಇಟ್ಟು ಫೋಟೋ ತೆಗೆದು ಕಳಿಸಿ ಎಂದು ಕೇಳಿ. ಕಳಿಸದವರ ಬಳಿ ಕೊಳ್ಳಬೇಡಿ.

ಅರ್ಧ ಮಿಲಿಮೀಟರಿನಲ್ಲಿ ಏನಾಗುತ್ತದೆ ಎನ್ನುವವರಿಗೆ ಲೆಕ್ಕ ಇಲ್ಲಿದೆ. 10 ಮಿ.ಮೀ. ವ್ಯಾಸದ ಜಾಬ್ ಮೇಲೆ ಟೂಲ್ ಸೆಂಟರಿಗಿಂತ 0.5 ಮಿ.ಮೀ. ಮೇಲಿದ್ದರೆ ಕ್ಲಿಯರೆನ್ಸ್ ಕೋನ (ಟೂಲಿನ ಮುಂಬದಿ ಜಾಬಿಗೆ ತಾಗದಂತೆ ಕೊಡುವ ಓರೆ) ಸುಮಾರು 5.7 ಡಿಗ್ರಿ ಕಡಿಮೆಯಾಗುತ್ತದೆ. ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಕೊಡುವುದೇ 6ರಿಂದ 8 ಡಿಗ್ರಿ. ಅಲ್ಲಿಗೆ ಟೂಲ್ ಕತ್ತರಿಸುವುದು ಬಿಟ್ಟು ಉಜ್ಜಲು ಶುರು. 50 ಮಿ.ಮೀ. ವ್ಯಾಸದಲ್ಲಿ ಅದೇ ತಪ್ಪು ಒಂದು ಡಿಗ್ರಿ ಚಿಲ್ಲರೆಯಷ್ಟೇ, ಹಾಗಾಗಿ ದಪ್ಪ ಜಾಬ್ ಮಾಡುವಾಗ ಗೊತ್ತೇ ಆಗುವುದಿಲ್ಲ.

ಡವ್‌ಟೇಲ್ ಪರೀಕ್ಷೆಗೆ ಒಂದೇ ಅಳತೆಯ ಎರಡು ಡೋವೆಲ್ ಪಿನ್ ಸಾಕು, ಎಎಕ್ಸ್‌ಎಗೆ 5 ಅಥವಾ 6 ಮಿ.ಮೀ.ನವು. ಬೇರಿಂಗ್ ಅಂಗಡಿಯ ನೀಡಲ್ ರೋಲರ್ ಕೂಡ ಆದೀತು. ಮೊದಲು ಹೋಲ್ಡರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಚುಗಳ ಮೇಲೆ ಎಣ್ಣೆಕಲ್ಲು ಆಡಿಸಿ. ಇಳಿಯದ ಮೂರರಲ್ಲಿ ಒಂದಕ್ಕೆ ಇದ್ದ ರೋಗ ಅಂಚಿನ ಬರ್ (ಕತ್ತರಿಸಿದಾಗ ಉಳಿದ ಚೂಪು ಏಣು) ಮಾತ್ರ, ಕಲ್ಲು ಆಡಿಸಿದ ಮೇಲೆ ಸಲೀಸಾಗಿ ಇಳಿಯಿತು. ಆಮೇಲೆ ಪಿನ್‌ಗಳನ್ನು ಡವ್‌ಟೇಲಿನ ಎರಡು ಮೂಲೆಗೆ ಒತ್ತಿ ಹಿಡಿದು, ನಡುವಿನ ಅಂತರವನ್ನು ಮೇಲ್ತುದಿಯಲ್ಲೊಮ್ಮೆ, ಕೆಳತುದಿಯಲ್ಲೊಮ್ಮೆ ಅಳೆಯಿರಿ. ಪೋಸ್ಟಿನ ಜೊತೆ ಬಂದ, ಚೆನ್ನಾಗಿ ಕೂರುವ ಹೋಲ್ಡರಿನ ಅಳತೆಯೊಂದಿಗೆ ಹೋಲಿಸಿ. ಅಂತರ ಕಡಿಮೆ ಇದ್ದದ್ದು ಇಳಿಯುವುದಿಲ್ಲ, ಹೆಚ್ಚಿದ್ದದ್ದು ಬಿಗಿಯಾಗುವುದಿಲ್ಲ. ಮೇಲಿನ ಅಳತೆಗೂ ಕೆಳಗಿನದಕ್ಕೂ 0.02 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಡವ್‌ಟೇಲ್ ಓರೆ ಎಂದೇ ತಿಳಿಯಿರಿ. ಬ್ಲೇಡ್ ಮುರಿಸಿದ ಹೋಲ್ಡರಿನಲ್ಲಿ ಈ ವ್ಯತ್ಯಾಸ 0.12 ಇತ್ತು. ಹ್ಯಾಂಡಲ್ ಬಿಗಿ ಎನಿಸುತ್ತದೆ, ಆದರೆ ಹಿಡಿತ ಒಂದು ತುದಿಯಲ್ಲಿ ಮಾತ್ರ. ಟರ್ನಿಂಗ್‌ನಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಪಾರ್ಟಿಂಗ್‌ನಲ್ಲಿ ಬ್ಲೇಡಿನ ಪೂರ್ತಿ ಅಗಲದ ಒತ್ತಡ ನೇರ ಕೆಳಕ್ಕೆ ಬೀಳುವುದರಿಂದ ಹೋಲ್ಡರ್ ತೂಗುತ್ತದೆ.

ವೆಡ್ಜ್ ಪೋಸ್ಟ್ ಹೋಲ್ಡರನ್ನು ತನ್ನ ಮುಖಕ್ಕೆ ಎಳೆದು ಕೂರಿಸುತ್ತದೆ, ಪಿಸ್ಟನ್ ಪೋಸ್ಟ್ ಅದನ್ನು ಹೊರಕ್ಕೆ ತಳ್ಳಿ ಡವ್‌ಟೇಲಿಗೆ ಒತ್ತುತ್ತದೆ. ವೆಡ್ಜ್ ಇದ್ದರೆ ಬಿಗಿ ಮಾಡಿದ ಮೇಲೆ ಪೋಸ್ಟಿನ ಮುಖಕ್ಕೂ ಹೋಲ್ಡರಿಗೂ ನಡುವೆ 0.05 ಮಿ.ಮೀ. ಫೀಲರ್ ಗೇಜ್ (ತೆಳು ಅಳತೆ ಪಟ್ಟಿ) ಎಲ್ಲೂ ತೂರಬಾರದು. ಎರಡೂ ಬಗೆಗೆ ಸಲ್ಲುವ ಪರೀಕ್ಷೆ ಇನ್ನೊಂದು: ಟೂಲಿನ ತುದಿಗೆ ಡಯಲ್ ಗೇಜ್ ಇಟ್ಟು ಸೊನ್ನೆ ಮಾಡಿ, ಹೋಲ್ಡರ್ ತೆಗೆದು ಹಾಕಿ, ಐದಾರು ಸಲ. 0.03ರೊಳಗೆ ಮರಳಿದರೆ ಹವ್ಯಾಸದ ಕೆಲಸಕ್ಕೆ ಧಾರಾಳ.

ಗ್ರಬ್ ಸ್ಕ್ರೂಗಳ (ಟೂಲನ್ನು ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂಗಳ) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗದ ಸೆಟ್ಟಿನವು ಮೆದು, ತುದಿ ಅಗಲವಾಗಿ ಹೊರಗೆ ಬರುವುದಿಲ್ಲ, ಅಲೆನ್ ಕೀ ಹಾಕುವ ಕುಳಿಯೂ ಗುಂಡಗಾಗುತ್ತದೆ. ಮೊದಲ ದಿನವೇ 45ಎಚ್ ಎಂಬ ಗಟ್ಟಿ ದರ್ಜೆಯವನ್ನು ಹಾಕಿಬಿಡಿ. ಅಲ್ಯೂಮಿನಿಯಂ ಹೋಲ್ಡರುಗಳಲ್ಲಿ ಸ್ಕ್ರೂ ಬದಲಿಸಿ ಪ್ರಯೋಜನವಿಲ್ಲ, ಅಲ್ಲಿ ಥ್ರೆಡ್ಡೇ ಕಿತ್ತು ಬರುತ್ತದೆ.

ಪೋಸ್ಟನ್ನೂ ಹೊಸದಾಗಿ ಕೊಳ್ಳುವವರು ಟಿ-ನಟ್ (ಕಾಂಪೌಂಡಿನ ಟಿ-ಸ್ಲಾಟಿನಲ್ಲಿ ಕೂತು ಪೋಸ್ಟಿನ ಬೋಲ್ಟ್ ಹಿಡಿಯುವ ನಟ್) ಮೇಲೆ ಕಣ್ಣಿಡಿ. ಅದರ ಥ್ರೆಡ್ ಆರ್‌ಪಾರ್ ಇದ್ದರೆ ಬೋಲ್ಟ್ ಕೆಳಗಿಳಿದು ಸ್ಲಾಟಿನ ತಳಕ್ಕೆ ತಾಗಿ, ನಟ್ಟನ್ನು ಜ್ಯಾಕಿನಂತೆ ಮೇಲೆತ್ತುತ್ತದೆ. ಕಾಂಪೌಂಡ್ ಎರಕದ ಕಬ್ಬಿಣ. ಟಿ-ಸ್ಲಾಟಿನ ತುಟಿ ಪಟ್ಟೆಂದು ಹಾರಿಹೋಗುತ್ತದೆ. ಕೆಳಗಿನ ಕೊನೆಯ ಎಳೆಯನ್ನು ಸೆಂಟರ್ ಪಂಚಿನಿಂದ ಹೊಡೆದು ಕೆಡಿಸಿಟ್ಟರೆ ಬೋಲ್ಟ್ ಅಲ್ಲೇ ನಿಲ್ಲುತ್ತದೆ.

ಇಷ್ಟಾದರೂ ಅಗ್ಗದ್ದೇ ಬೇಕು ಎನ್ನುವುದು ತಪ್ಪಲ್ಲ. ಒಂದನ್ನು ತರಿಸಿ, ಮೇಲಿನಂತೆ ಅಳೆದು ನೋಡಿ, ಸರಿ ಕಂಡರೆ ಅದೇ ಅಂಗಡಿಯಿಂದ ಅದೇ ಲಾಟಿನಲ್ಲಿ ಉಳಿದವನ್ನು ಕೇಳಿ.

ಈಗಾಗಲೇ ಕೊಂಡು ಸಿಕ್ಕಿಹಾಕಿಕೊಂಡವರಿಗೆ: ತಳ ದಪ್ಪ ಇರುವುದನ್ನು ಬೆಂಗಳೂರಿನ ಪೀಣ್ಯದಂಥ ಕಡೆ ಯಾವುದಾದರೂ ಮಿಲ್ಲಿಂಗ್ ಜಾಬ್ ಶಾಪಿಗೆ ಕೊಟ್ಟು ತೆಳುವು ಮಾಡಿಸಬಹುದು. ಆದರೆ ಹೋಲ್ಡರ್ ಒಂದನ್ನೇ ಕೊಡಬೇಡಿ. ಅವರು ಅದರ ಹೊರಮೈ ಹಿಡಿದು ವೈಸಿಗೆ ಕಟ್ಟುತ್ತಾರೆ, ಹೊರಮೈ ಡವ್‌ಟೇಲಿಗೆ ನೇರ ಇರುವುದಿಲ್ಲ. ಪೋಸ್ಟನ್ನೂ ಒಯ್ದು, ಅದನ್ನು ಟೇಬಲ್ಲಿಗೆ ಕಟ್ಟಿಸಿ, ಹೋಲ್ಡರನ್ನು ಅದರ ಮೇಲೇ ಬಿಗಿದು ತಳ ಕೆರೆಸಿ. 1.5 ಮಿ.ಮೀ. ತೆಗೆದರೆ ಸ್ಕ್ರೂಗಳೂ ಅಷ್ಟು ಹೆಚ್ಚು ಉದ್ದದವು ಬೇಕಾಗುತ್ತವೆ. ಅಂತರ ಹೆಚ್ಚಿರುವ ಅಥವಾ ಓರೆಯಾದ ಡವ್‌ಟೇಲಿಗೆ ತಗಡಿನ ಪ್ಯಾಕಿಂಗ್ ಕೊಟ್ಟು ಸಂಭಾಳಿಸುವ ಸಲಹೆ ಕೇಳಬೇಡಿ. ಅಂಥವು ಡಯಲ್ ಗೇಜ್ ಹಿಡಿಸಿಡಲು ಆಗುತ್ತವೆ, ಕತ್ತರಿಸುವ ಕೆಲಸಕ್ಕಲ್ಲ.