ಮೂಡಿಗೆರೆ ಕಡೆ ಮರದ ಕ್ಯಾಬಿನ್‌ನಲ್ಲಿ ಎರಡು ರಾತ್ರಿ: ಹಂಡೆ ನೀರಿಗೆ ಫುಲ್ ಮಾರ್ಕ್ಸ್, ಫೋಟೋಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಜಾಗದ ಹೆಸರು ಹಾಕುವುದಿಲ್ಲ. ನಡೆಸುವ ಹುಡುಗರು ಹೊಸಬರು. ನನ್ನ ತಕರಾರನ್ನೆಲ್ಲ ಹೊರಡುವಾಗ ಅವರ ಮುಂದೆಯೇ ಹೇಳಿದ್ದೇನೆ, ಸರಿ ಮಾಡುತ್ತೇವೆ ಅಂದಿದ್ದಾರೆ. ಆದರೆ ಮೂಡಿಗೆರೆ, ಸಕಲೇಶಪುರದ ಸುತ್ತ ಕಾಫಿ ತೋಟಗಳಲ್ಲಿ ಇಂಥ ಕ್ಯಾಬಿನ್‌ಗಳು ಅಣಬೆ ಥರ ಎದ್ದಿವೆ. ನೀವು ಹೋಗುವುದು ಬೇರೆ ತೋಟಕ್ಕಾದರೂ ಕಥೆ ಹೆಚ್ಚುಕಡಿಮೆ ಇದೇ ಇರುತ್ತದೆ.

ನಾವು ಹಾಸನದವರು. ದೀಪಾವಳಿ ಕಳೆದ ಮೇಲೆ ಮಕ್ಕಳದ್ದು ಒಂದೇ ಹಟ, ಬೆಟ್ಟದಲ್ಲಿ ಟೆಂಟ್ ಹಾಕಿ ಮಲಗಬೇಕು. ಅಮ್ಮನಿಗೆ 68 ವರ್ಷ, ಮಂಡಿ ನೋವು. ನೆಲದ ಮೇಲೆ ಮಲಗೋದಾದರೆ ನಾನು ಬರಲ್ಲ, ನೀವೇ ಹೋಗಿ ಅಂದರು. ಇಬ್ಬರಿಗೂ ಬೇಡ ಅನ್ನದ ಹಾಗೆ ಹುಡುಕಿದಾಗ ಸಿಕ್ಕಿದ್ದು ಈ ಕ್ಯಾಬಿನ್. ರಾತ್ರಿಗೆ 4,500 ರೂಪಾಯಿ, ಐದು ಜನಕ್ಕೆ ಜಾಗ, ಊಟಕ್ಕೆ ತಲೆಗೆ ದಿನಕ್ಕೆ 700 ಬೇರೆ. ಫೋಟೋದಲ್ಲಿ ಮರದ ಜಗಲಿ, ಎರಡು ಕುರ್ಚಿ, ಎದುರಿಗೆ ಸಾಲು ಸಾಲು ಬೆಟ್ಟ. ನೋಡಿದ ತಕ್ಷಣ ಅಡ್ವಾನ್ಸ್ ಹಾಕಿಬಿಟ್ಟೆ. ಅಲ್ಲೇ ತಪ್ಪಿದ್ದು.

ಬೇಲೂರು ದಾಟಿ ಮೂಡಿಗೆರೆ ತನಕ ರಸ್ತೆ ಬಗ್ಗೆ ಹೇಳೋಕೆ ಏನೂ ಇಲ್ಲ, ಆರಾಮಾಗಿ ಹೋದೆವು. ಮುಖ್ಯರಸ್ತೆ ಬಿಟ್ಟ ಮೇಲಿನ ಕೊನೆಯ ಮೂರು ಕಿಲೋಮೀಟರ್ ಇದೆಯಲ್ಲ, ಅದರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಎಸ್ಟೇಟ್ ಗೇಟಿನಲ್ಲಿ ಕಾರು ನಿಲ್ಲಿಸಿ, ಸರ್ ಇಲ್ಲಿಂದ ಜೀಪು, ಹೋಗಿ ಬರೋಕೆ 1,200 ಅಂದರು. ರಸ್ತೆ ನೋಡಿದ ಮೇಲೆ ಜೀಪು ಬೇಕೇ ಬೇಕು ಅಂತ ನನಗೂ ಗೊತ್ತಾಯಿತು, ನೀರು ಹರಿದು ಕೊರೆದ ಚರಂಡಿಯಲ್ಲಿ ನಮ್ಮ ಕಾರು ಹೊಟ್ಟೆ ಉಜ್ಜಿಕೊಂಡು ಅಲ್ಲೇ ಕೂರುತ್ತಿತ್ತು. ಆದರೆ ಅದನ್ನು ಫೋನಿನಲ್ಲೇ ಹೇಳಬಹುದಿತ್ತು, ಅಲ್ವಾ?

ಕ್ಯಾಬಿನ್ ಕೆಟ್ಟದಾಗಿಲ್ಲ. ನೆಲದಿಂದ ನಾಲ್ಕು ಅಡಿ ಮೇಲೆ ಕಂಬದ ಮೇಲೆ ನಿಂತಿದೆ, ಪೂರ್ತಿ ಮರ, ಮೇಲೆ ಶೀಟು. ಒಳಗೆ ಹೊಸ ಹಲಗೆಯ ವಾಸನೆ. ಕೆಳಗೊಂದು ಡಬಲ್ ಕಾಟ್, ಏಣಿ ಹತ್ತಿದರೆ ಅಟ್ಟದಲ್ಲಿ ಮೂರು ಹಾಸಿಗೆ. ಮಕ್ಕಳಂತೂ ಆ ಏಣಿ ಬಿಟ್ಟು ಇಳಿಯಲೇ ಇಲ್ಲ. ಅಮ್ಮ ಒಂದು ಸುತ್ತು ನೋಡಿ, "ಇದಕ್ಕೆ ನಾಲ್ಕೂವರೆ ಸಾವಿರ ಕೊಟ್ಯಾ? ನಮ್ಮಜ್ಜಿ ಮನೆ ಅಟ್ಟ ಹೀಗೇ ಇತ್ತು ಕಣೋ" ಅಂದರು. ಹಾಸಿಗೆ, ರಗ್ಗು ಎಲ್ಲ ಶುಚಿಯಾಗಿದ್ದವು. ಹಲಗೆ ಸಂದಿಯಿಂದ ಮಾತ್ರ ಗಾಳಿ ನುಗ್ಗುತ್ತದೆ, ಸ್ವೆಟರ್ ಹಾಕಿಕೊಂಡೇ ಮಲಗಿದ್ದು.

ಇನ್ನು ಆ ಬೆಟ್ಟ. ಜಗಲಿಯಲ್ಲಿ ಕೂತರೆ ಕಾಣುವುದು ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಫೋಟೋ ತೆಗೆದದ್ದು ಅರ್ಧ ಕಿಲೋಮೀಟರ್ ಮೇಲಿನ ಇನ್ನೊಂದು ಜಾಗದಿಂದ, ಅಲ್ಲಿ ಕ್ಯಾಬಿನ್ನೂ ಇಲ್ಲ, ಕುರ್ಚಿಯೂ ಇಲ್ಲ. ಕೇಳಿದ್ದಕ್ಕೆ "ನಮ್ಮ ಪ್ರಾಪರ್ಟಿನೇ ಸರ್" ಅಂದ ಹುಡುಗ. ನನಗೆ ಬೇಜಾರಾಗಿದ್ದು ಇದಕ್ಕೇ, ಯಾಕೆಂದರೆ ಸುಳ್ಳು ಹೇಳುವ ಅವಶ್ಯಕತೆಯೇ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಎದ್ದಾಗ ಮಳೆ ಬರುತ್ತಿದೆ ಅಂದುಕೊಂಡೆ, ಶೀಟಿನ ಮೇಲೆ ಟಪ್ ಟಪ್ ಅಂತ ಸದ್ದು. ಹೊರಗೆ ಬಂದು ಕೈ ಚಾಚಿದರೆ ಮಳೆ ಇಲ್ಲ. ಮಂಜು ಸಿಲ್ವರ್ ಓಕ್ ಎಲೆಗೆ ಹಿಡಿದು ನೀರಾಗಿ ತೊಟ್ಟಿಕ್ಕುತ್ತಿದೆ, ಕೆಳಗೆ ಅರೇಬಿಕಾ ಗಿಡದಲ್ಲಿ ಅರ್ಧ ಹಸಿರು ಅರ್ಧ ಕೆಂಪು ಹಣ್ಣು, ಪ್ರತಿ ಗೊಂಚಲಿನ ತುದಿಯಲ್ಲೂ ಒಂದೊಂದು ಹನಿ. ಇದರ ಫೋಟೋ ಹಾಕ್ರಪ್ಪ, ಜನ ಬರುತ್ತಾರೆ.

ಆಮೇಲೆ ಬಚ್ಚಲು. ಗೀಸರ್ ಇಲ್ಲ ಅಂತ ನನ್ನ ಹೆಂಡತಿ ಮುಖ ಸಿಂಡರಿಸಿದ್ದಳು. ಹಿಂದುಗಡೆ ಒಲೆ ಹಾಕಿ, ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ ಇಟ್ಟಿರುತ್ತಾರೆ, ಎಷ್ಟು ತೋಡಿಕೊಂಡರೂ ಬಿಸಿ ಕಡಿಮೆ ಆಗಲ್ಲ, ಸ್ವಲ್ಪ ಹೊಗೆ ವಾಸನೆ ಬೇರೆ. ಅವಳೇ ಎರಡನೇ ದಿನ ಬಚ್ಚಲಿಂದ ಅರ್ಧ ಗಂಟೆ ಹೊರಗೆ ಬರಲಿಲ್ಲ. ಟಾಯ್ಲೆಟ್ ವೆಸ್ಟರ್ನ್, ಒಳಗೇ ಇದೆ, ವಯಸ್ಸಾದವರಿದ್ದರೆ ಇದನ್ನು ಕೇಳಿಕೊಂಡೇ ಬುಕ್ ಮಾಡಿ.

ಊಟದ ವಿಷಯದಲ್ಲಿ ಒಂದು ತಮಾಷೆ. ಕಾಫಿ ತೋಟದ ನಡುವೆ ಕ್ಯಾಬಿನ್, ಒಳಗೆ ಟೇಬಲ್ ಮೇಲೆ ಇಟ್ಟಿದ್ದು ಇನ್‌ಸ್ಟಂಟ್ ಕಾಫಿ ಪ್ಯಾಕೆಟ್! ಅಡುಗೆಗೆ ಬರುವ ಅಕ್ಕನ ಹತ್ತಿರ ಅಮ್ಮ ಏನೋ ಮಾತಾಡಿದರು, ಮಾರನೇ ದಿನದಿಂದ ಬೆಲ್ಲದ ಕಾಫಿ ಶುರುವಾಯಿತು. ಅಕ್ಕ ಅಲ್ಲೇ ತೋಟದ ಕೆಲಸದವರ ಲೈನ್ ಮನೆಯವರು. ಬೆಳಿಗ್ಗೆ ಅಕ್ಕಿರೊಟ್ಟಿಗೆ ಸೂಜಿಮೆಣಸಿನ ಚಟ್ನಿ, ರಾತ್ರಿ ಕಡುಬು, ಕೋಳಿ ಸಾರು, ಉಪ್ಪಿಗೆ ಹಾಕಿಟ್ಟ ಕಳಲೆ (ಎಳೆ ಬಿದಿರು) ಪಲ್ಯ. 700 ಇದಕ್ಕೆ ಜಾಸ್ತಿ ಅಂತ ನಾನು ಹೇಳಲ್ಲ. ಆದರೆ ಮೆನುವಿನಲ್ಲಿ ಬರೆದ ನೂಡಲ್ಸ್, ಗೋಬಿ ಮಂಚೂರಿ ತಂಟೆಗೆ ಹೋಗಬೇಡಿ, ಮೊದಲ ರಾತ್ರಿ ನಾವು ತಿಂದು ನೋಡಿದ್ದೇವೆ.

ಕ್ಯಾಂಪ್ ಫೈರ್‌ಗೆ 400 ತೆಗೆದುಕೊಂಡು ಹಸಿ ಸೌದೆ ಕೊಟ್ಟರು. ಮುಕ್ಕಾಲು ಗಂಟೆ ಊದಿದೆವು. ಬೆಂಕಿ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಎಂಟು ಗಂಟೆಗೆ ಕರೆಂಟೂ ಹೋಯಿತು. ಸೋಲಾರ್‌ನಲ್ಲಿ ಎರಡು ಬಲ್ಬ್ ಉರಿಯುತ್ತದೆ, ಫೋನ್ ಚಾರ್ಜ್ ಆಗಲ್ಲ. ಟಾರ್ಚ್, ಪವರ್ ಬ್ಯಾಂಕ್ ಮನೆಯಿಂದಲೇ ಒಯ್ಯಿರಿ. ಟವರ್ ಗೇಟಿನ ಹತ್ತಿರ ಮಾತ್ರ, ಅದೂ ಬಿಎಸ್‌ಎನ್‌ಎಲ್.

ಮತ್ತೆ ಆನೆ. ಇದು ತಮಾಷೆ ಅಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ, ಈ ಕಡೆಯೆಲ್ಲ ಕಾಡಾನೆ ತೋಟದೊಳಗೆ ಓಡಾಡುತ್ತವೆ, ಯಾವ ಊರಿನ ಹತ್ತಿರ ಇದೆ ಅಂತ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಿರುತ್ತದೆ. ಇಲ್ಲಿಯ ಹುಡುಗರು ಈ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು, ಆರೂವರೆ ಆದ ಮೇಲೆ ಕ್ಯಾಬಿನ್ ಅಂಗಳ ದಾಟಲು ಬಿಡಲಿಲ್ಲ. ಅದಕ್ಕೆ ಒಂದು ಮಾರ್ಕ್ ಜಾಸ್ತಿ. ಸುಮ್ನೆ ರಾತ್ರಿ ಟ್ರೆಕ್ ಕರೆದುಕೊಂಡು ಹೋಗುತ್ತೇವೆ ಅನ್ನುವವರು ಸಿಕ್ಕರೆ ಅಲ್ಲಿಗೆ ಹೋಗಲೇಬೇಡಿ.

ಸುತ್ತಾಟದ ಪ್ಲಾನ್ ಕಮ್ಮಿ ಇಟ್ಟುಕೊಳ್ಳಿ. ಒಂದೇ ಏಟಿಗೆ ಮುಳ್ಳಯ್ಯನಗಿರಿಯನ್ನೂ ಮುಗಿಸೋಣ ಅಂತ ನಾವಿದ್ದೆವು. ರಾಜ್ಯದಲ್ಲೇ ಎತ್ತರದ ಶಿಖರ, 1,930 ಮೀಟರ್, ಮಕ್ಕಳಿಗೆ ತೋರಿಸೋಣ ಅಂತ. ಆದರೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೇ ಸುಮಾರು 30 ಕಿಲೋಮೀಟರ್, ಆಮೇಲೆ ಗಿರಿ ರಸ್ತೆ, ವಾರದ ಕೊನೆಯ ಗಾಡಿಗಳ ಸಾಲು ಬೇರೆ. ಬಿಟ್ಟೆವು. ಮೂಡಿಗೆರೆ ಹತ್ತಿರದ ದೇವರಮನೆ ಬೆಟ್ಟಕ್ಕೆ ಹೋಗಿ ಕಾಲಭೈರವೇಶ್ವರನಿಗೆ ಕೈಮುಗಿದು, ಹುಲ್ಲು ಬೆಟ್ಟದ ಗಾಳಿಯಲ್ಲಿ ಒಂದು ಗಂಟೆ ಕೂತು ಬಂದೆವು, ಸಾಕಾಯಿತು. ಎತ್ತಿನಭುಜ ಬೆಟ್ಟ ಹತ್ತುವ ಆಸೆ ಇದ್ದರೆ ಅದಕ್ಕೇ ಒಂದು ದಿನ ತೆಗೆದಿಡಿ.

ಯಾವಾಗ ಹೋಗಬೇಕು ಅಂದರೆ, ಜೂನ್‌ನಿಂದ ಸೆಪ್ಟೆಂಬರ್ ಮಕ್ಕಳು, ವಯಸ್ಸಾದವರ ಜೊತೆ ಬೇಡ. ಆ ಜೀಪಿನ ದಾರಿ ಇನ್ನೇನಾಗಿರುತ್ತೋ, ರಕ್ತ ಹೀರುವ ಇಂಬಳ (ಜಿಗಣೆ) ಅಂತೂ ಕೇಳಲೇಬೇಡಿ. ನಮಗೆ ಮಳೆ ಮುಗಿದ ಮೇಲೂ ಮೂರು ಹತ್ತಿದವು. ಎಳೆಯಬೇಡಿ, ಉಪ್ಪು ಹಾಕಿ, ಬಿಟ್ಟುಕೊಳ್ಳುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಫೋಟೋ ಸರಿ ಮಾಡಿ, ಜೀಪು ಸೌದೆಯ ದುಡ್ಡು ಮೊದಲೇ ಹೇಳಿದರೆ ನಾಲ್ಕೂವರೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆ ಥರ ಪರಿಮಳ ಬರುತ್ತದೆ, ಹೂವು ನಿಲ್ಲುವುದು ಮಾತ್ರ ಕೆಲವೇ ದಿನ. ಮಳೆ ಬಿದ್ದ ದಿನವೇ ಒಂದು ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದಿದ್ದೇವೆ. ಬುಕಿಂಗ್ ಹುಡುಗರಿಗಲ್ಲ, ಅಡುಗೆ ಅಕ್ಕನಿಗೆ.