ಪಿಸುಮಾತು ಕೇಳಿಸುವ ನಾಟಕ ಎಲ್ಲಿ? ರಂಗಶಂಕರ, ಕಲಾಕ್ಷೇತ್ರ, ಸಾಣೇಹಳ್ಳಿ

ದಾವಣಗೆರೆ ಕಂಪನಿ ನಾಟಕದ ಊರು. ರಂಗನಟಿ ಚಿಂದೋಡಿ ಲೀಲಾ ಅವರ ಹೆಸರು ಕೇಳದೆ ಇಲ್ಲಿ ಬೆಳೆದವರು ಕಡಿಮೆ. ಕೊನೆಯ ಸಾಲಿನವರ ಎದೆಗೂ ಮುಟ್ಟುವಂತೆ ಮಾತು ಎಸೆಯುವ ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವ. ಆದರೆ ಮೂರ್ನಾಲ್ಕು ಪಾತ್ರ, ಎರಡು ಕುರ್ಚಿ, ಮನೆಯೊಳಗಿನ ಒಂದು ಬಿಕ್ಕಟ್ಟು, ಇಷ್ಟೇ ಇದ್ದು ನೋಡಿದವರ ನಿದ್ದೆ ಕೆಡಿಸುವ ನಾಟಕವೂ ನನಗೆ ಬೇಕು. ಅದಕ್ಕಾಗಿ ಬೆಂಗಳೂರಿಗೂ ಹೋಗಿದ್ದೇನೆ, ಪಕ್ಕದ ಸಾಣೇಹಳ್ಳಿಗೂ ಹೋಗಿದ್ದೇನೆ.

ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾಯಿತು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರು ಹಟ ಹಿಡಿದು ಕಟ್ಟಿಸಿದ ರಂಗಮಂದಿರ. ಆಸನಗಳು ಮುನ್ನೂರು ಚಿಲ್ಲರೆ. ರಂಗವು ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ. ಅದರ ಬೆಲೆ ಏನೆಂಬುದು ಮೂರನೆಯ ಸಾಲಿನಲ್ಲಿ ಕುಳಿತ ಒಂದು ಸಂಜೆ ತಿಳಿಯಿತು. ಗಂಡನ ಪ್ರಶ್ನೆಗೆ ಉತ್ತರಿಸಬೇಕಾದ ಹೆಂಡತಿ ಒಗೆದ ಬಟ್ಟೆ ಮಡಚುತ್ತಲೇ ಇದ್ದಳು. ಅಂಗಿಯ ತೋಳನ್ನು ಒಳಗೆ ಮಡಚಿದಳು, ಮತ್ತೆ ಬಿಡಿಸಿದಳು, ಮತ್ತೆ ಮಡಚಿದಳು. ಮಾತೇ ಇಲ್ಲ. ಆಕೆಯ ಹೆಬ್ಬೆರಳು ಗುಂಡಿಯ ಮೇಲೆ ತಡವರಿಸಿದ್ದು ನನಗೆ ಕಾಣಿಸಿತು. ಪಕ್ಕದಲ್ಲಿ ಕುಳಿತವರು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಅಂಥ ಗಳಿಗೆಗೆ ಮೈಕು ಬೇಡ, ಹಿನ್ನೆಲೆ ಸಂಗೀತವೂ ಬೇಡ, ಹತ್ತಿರ ಇದ್ದರೆ ಸಾಕು. ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಕಟ್ಟುನಿಟ್ಟು ಅತಿಯಾಯಿತು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಾಗಿಲು ಕಿರ್ರೆಂದರೆ ಆ ಮೌನ ಒಡೆದು ಹೋಗುತ್ತದೆ.

ರವೀಂದ್ರ ಕಲಾಕ್ಷೇತ್ರದ ಮಾತೇ ಬೇರೆ. 1963ರಿಂದ ಕನ್ನಡ ರಂಗಭೂಮಿಯನ್ನು ಸಲಹಿದ ಜಾಗ ಅದು. ಆದರೆ ಸುಮಾರು ಸಾವಿರ ಆಸನಗಳ ಸಭಾಂಗಣಕ್ಕೆ ಅರಮನೆ, ಸೈನ್ಯ, ಮೇಳ ಇರುವ ನಾಟಕಗಳೇ ಒಪ್ಪುತ್ತವೆ. ಬಟ್ಟೆ ಮಡಚುವ ಆ ಹೆಂಗಸು ಅಲ್ಲಿ ಹಿಂದಿನ ಸಾಲಿನವರಿಗೆ ಬೊಂಬೆಯಷ್ಟು ಚಿಕ್ಕದಾಗಿಬಿಡುತ್ತಾಳೆ. ಸಣ್ಣ ನಾಟಕಕ್ಕೆ ನಾನು ಅಲ್ಲಿಗೆ ಹೋಗುವುದಿಲ್ಲ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಈ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸರೆಯಲ್ಲಿ 1997ರಲ್ಲಿ ಹುಟ್ಟಿದ, ಊರೂರು ತಿರುಗಿ ನಾಟಕವಾಡುವ ಶಿವಸಂಚಾರ ತಂಡದ ನೆಲೆ ಅದು. ನವೆಂಬರ್ ಆರಂಭದ ನಾಟಕೋತ್ಸವಕ್ಕೆ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ಕೂರುತ್ತಾರೆ. ಅಲ್ಲಿ ಮುಖದ ಸೂಕ್ಷ್ಮ ಕಾಣುವುದಿಲ್ಲ, ಧ್ವನಿ ಸ್ಪೀಕರಿನಿಂದ ಬರುತ್ತದೆ. ಪಿಸುಮಾತಿನ ನಾಟಕಕ್ಕೆ ಅದು ಜಾಗವಲ್ಲ ಎಂದುಕೊಂಡೇ ಕುಳಿತಿದ್ದೆ. ಆಟ ಮುಗಿದು ಜನ ಏಳುವಾಗ ಮುಂದಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಹೇಳಿದರು: "ಆ ಹುಡುಗಿ ಕೇಳಿದ್ದಕ್ಕೆ ರಾಜ ಉತ್ತರವನ್ನೇ ಕೊಡಲಿಲ್ಲವಲ್ಲ, ಕಡೆಗೂ." ನಾಟಕದ ತಿರುಳೇ ಅದು. ಬಸ್ಸಿನಲ್ಲಿ ತೆಂಗಿನ ತೋಟದವರಿಬ್ಬರು ಅದೇ ರಾಜನ ಪರ ವಿರೋಧ ವಾದಿಸುತ್ತಾ ಬಂದರು. ಬೆಂಗಳೂರಿನಲ್ಲಿ ಆಟ ಮುಗಿದ ಕೂಡಲೇ ಎಲ್ಲರೂ ವಾಹನದ ಕಡೆಗೆ ನಡೆಯುತ್ತಾರೆ. ಇಲ್ಲಿ ನಾಟಕ ಜನರ ಜೊತೆ ಊರಿಗೆ ಹೋಗುತ್ತದೆ.

ಹಾಗಾದರೆ ಯಾವುದು ಮೇಲು? ನಟನ ಮುಖ ಓದಬೇಕೆಂದರೆ ರಂಗಶಂಕರ, ಸಂದೇಹವೇ ಇಲ್ಲ. ಪ್ರಶ್ನೆಯನ್ನು ಹತ್ತು ಜನರ ಜೊತೆ ಹಂಚಿಕೊಳ್ಳಬೇಕೆಂದರೆ ಸಾಣೇಹಳ್ಳಿ. ಮೊದಲ ಸಲ ಹೋಗುವವರಿಗೆ ಮಾತ್ರ ರಂಗಶಂಕರವನ್ನೇ ಹೇಳುತ್ತೇನೆ. ದಾವಣಗೆರೆಯಿಂದ ಸುಮಾರು 260 ಕಿ.ಮೀ. ಆದರೂ ಭಾನುವಾರದ ಮಧ್ಯಾಹ್ನ 3:30ರ ಪ್ರದರ್ಶನ ಇದ್ದರೆ ಅದನ್ನೇ ಹಿಡಿಯಿರಿ. ಮಧ್ಯರಾತ್ರಿಯ ಹೊತ್ತಿಗೆ ಮನೆ ಸೇರಬಹುದು. ರಾತ್ರಿ 7:30ರ ಆಟವಾದರೆ ನಿದ್ದೆಯೆಲ್ಲ ಬಸ್ಸಿನಲ್ಲೇ.

ನನ್ನ ಆಸೆ ಇಷ್ಟೇ: ಕಂಪನಿಗಳಿಗೆ ಅಷ್ಟು ದೊಡ್ಡ ಡೇರೆ ಹಾಕಿಕೊಟ್ಟ ನಮ್ಮೂರಿನಲ್ಲಿ ಒಂದು ಪುಟ್ಟ ಕೋಣೆಯೂ ನಾಟಕಕ್ಕೆ ಮೀಸಲಾಗಬೇಕು. ನೂರೈವತ್ತು ಕುರ್ಚಿ, ನಾಲ್ಕು ದೀಪ, ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ಒಬ್ಬ ಗಟ್ಟಿ ಮನುಷ್ಯ. ಶಾಲೆಯ ಸಭಾಂಗಣವಾದರೂ ಆದೀತು, ಶುರು ಮಾಡುವವರಿದ್ದರೆ ಕುರ್ಚಿ ಹಾಕಲು ನಾನು ಬರುತ್ತೇನೆ.