ಕಾಮಿಕ್ ಸ್ಟ್ರಿಪ್ಪೋ, ರಾಜಕೀಯ ವ್ಯಂಗ್ಯಚಿತ್ರವೋ: ವಾಚನಾಲಯಕ್ಕೆ ಯಾವುದು?

ಧಾರವಾಡದ ಬಡಾವಣೆಯೊಂದರ ವಾಚನಾಲಯಕ್ಕೆ ಪತ್ರಿಕಾ ಚಿತ್ರಗಳ ಸಂಕಲನವನ್ನು ಕೊಳ್ಳಬೇಕಾಗಿದ್ದು, ಇರುವ ಹಣ ಒಂದಕ್ಕೆ ಮಾತ್ರ ಸಾಲುವುದಾದರೆ, ಈ ಎರಡು ಪ್ರಕಾರಗಳ ವ್ಯತ್ಯಾಸವನ್ನು ಮೊದಲು ಅರಿಯಬೇಕು.

ಸಾಲು ಚೌಕಟ್ಟುಗಳಲ್ಲಿ ಕಥೆ ಹೇಳುವ ಕಾಮಿಕ್ ಸ್ಟ್ರಿಪ್‌ನ ಬಲವಿರುವುದು ಪಾತ್ರಗಳೊಂದಿಗಿನ ದೀರ್ಘ ಒಡನಾಟದಲ್ಲಿ. ಅಮೆರಿಕದ ಚಾರ್ಲ್ಸ್ ಶುಲ್ಜ್ ‘ಪೀನಟ್ಸ್’ ಅನ್ನು 1950ರಿಂದ 2000ದವರೆಗೆ ತಾವೇ ರಚಿಸಿದರು. ಅದರಲ್ಲಿನ ಮಕ್ಕಳ ಸೋಲು, ಅಂಜಿಕೆಗಳು ನಮ್ಮ ಮಕ್ಕಳಿಗೂ ವಿವರಣೆಯಿಲ್ಲದೆ ತಿಳಿಯುತ್ತವೆ. ಅರ್ಜೆಂಟೀನಾದ ಕೀನೊ ಅವರ ‘ಮಫಾಲ್ಡಾ’ (1964–73) ಎರಡೂ ಪ್ರಕಾರಗಳ ನಡುವೆ ನಿಲ್ಲುತ್ತದೆ: ಲೋಕಶಾಂತಿಯ ಬಗ್ಗೆ ಪುಟ್ಟ ಹುಡುಗಿ ಕೇಳುವ ಪ್ರಶ್ನೆಗಳು ಹಿರಿಯರನ್ನು ಕಂಗೆಡಿಸುತ್ತವೆ.

ರಾಜಕೀಯ ವ್ಯಂಗ್ಯಚಿತ್ರಕ್ಕೆ ಸಾಮಾನ್ಯವಾಗಿ ಒಂದೇ ಚೌಕಟ್ಟು. ಆ ದಿನದ ಸುದ್ದಿ ಗೊತ್ತಿರದಿದ್ದರೆ ಅದು ಮೂಕವಾಗುತ್ತದೆ. ಗೊತ್ತಿದ್ದರೆ ಮಾತ್ರ ಅದರ ಪೆಟ್ಟು ದೊಡ್ಡದು. 1871ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಬರೆದ ಚಿತ್ರಗಳು ನ್ಯೂಯಾರ್ಕಿನ ಭ್ರಷ್ಟ ಮುಖಂಡ ಟ್ವೀಡ್‌ನ ಪತನಕ್ಕೆ ನೆರವಾದವು. ಮುಂದೆ ಸೆರೆಯಿಂದ ತಪ್ಪಿಸಿಕೊಂಡ ಆತನನ್ನು ಸ್ಪೇನಿನಲ್ಲಿ ಗುರುತಿಸಲು ನೆರವಾದದ್ದೂ ನಾಸ್ಟ್ ಚಿತ್ರವೇ. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದವರು, ಅವರ ವ್ಯಂಗ್ಯಚಿತ್ರಗಳ ‘ಶ್ರೀಸಾಮಾನ್ಯ’ ಚೌಕಳಿ ಕೋಟು, ಧೋತರ ತೊಟ್ಟು ದಶಕಗಳ ಕಾಲ ಮಾತಿಲ್ಲದೆ ಅಧಿಕಾರವನ್ನು ನೋಡುತ್ತ ನಿಂತ. ಆ ಮೌನ ನನ್ನನ್ನು ಇಂದಿಗೂ ಕಲಕುತ್ತದೆ.

ಮಕ್ಕಳೇ ಹೆಚ್ಚಾಗಿ ಬರುವ ಕಡೆ ‘ಪೀನಟ್ಸ್’ ಕೊಳ್ಳಿರಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ-ಯುವತಿಯರು ದಿನವಿಡೀ ಕೂರುವ ಧಾರವಾಡದ ವಾಚನಾಲಯಗಳಿಗಾದರೆ ನಾನು ಲಕ್ಷ್ಮಣ್ ಸಂಕಲನವನ್ನೇ ಆರಿಸುವೆನು. ಆದರೆ ಪ್ರತಿ ಚಿತ್ರದ ಇಸವಿ, ಸಂದರ್ಭಗಳನ್ನು ನಮೂದಿಸಿದ ಆವೃತ್ತಿಯನ್ನೇ ನೋಡಿ ಕೊಳ್ಳಬೇಕು.